ಒಟ್ಟೆ ಮುಕ್ಕಾಲಿನ ಮುಡಿಪು

"ಏ ಬಡ್ಡೀ! ಸತ್ತ್ಯಾ, ಬದ್ಕಿದ್ಯಾ? ಬಾರಾ ಇಲ್ಲಿ!"

ಕರೆದವನು ಮುತ್ತಯ್ಯ ಧಣಿ. ಕರೆಸಿಕೊಂಡವನು ನಾನು. ನನಗೆ ಗುರುವ ಎಂಬ ಹೆಸರಿದೆ. ಅಪ್ಪ ಕುಡಿಯದೆ ಇದ್ದ ಒಂದು ದಿನ ನೋಡಿ ಇಟ್ಟ ಹೆಸರು. ಆದರೆ ಧಣಿಯ ಸುಣ್ಣದ ಗೂಡಿನಲ್ಲಿ ಐದು ವರ್ಷದಿಂದ ಆ ಹೆಸರಿಗೆ ಕೆಲಸವಿರಲಿಲ್ಲ.

ನಾನು ಗೂಡಿನೊಳಗೆ ಸೊಂಟದವರೆಗೆ ಇಳಿದು ಬೆಂದ ಚಿಪ್ಪನ್ನು ಹಾರೆಯಿಂದ ಕೆದಕುತ್ತಿದ್ದೆ. ಹಾಗೇ ಎದ್ದು ಬಂದೆ. ತಲೆಯಿಂದ ಪಾದದವರೆಗೆ ಬಿಳಿ, ಕಣ್ಣು ಮಾತ್ರ ಕೆಂಪು. ಧಣಿಯ ಪಕ್ಕದಲ್ಲಿ ಬ್ರಹ್ಮಾವರದ ಕಡೆಯ ಒಬ್ಬ ಕಂತ್ರಾಟುದಾರ ನಿಂತಿದ್ದ. ಯುದ್ಧ ಶುರುವಾದ ಮೇಲೆ ಸಿಮೆಂಟು ಕಣ್ಣಿಗೆ ಕಾಣುತ್ತಿರಲಿಲ್ಲ, ಗೋಡೆ ಕಟ್ಟಬೇಕಾದವರೆಲ್ಲ ಹೆಮ್ಮಾಡಿಯ ಹೊಳೆಬದಿಗೆ ಬಂದು ಧಣಿಯ ಮುಂದೆ ಹಲ್ಲು ಕಿರಿಯುತ್ತಿದ್ದರು. ಸುಣ್ಣದ ಬೆಲೆ ಮೂರು ಪಾಲು ಏರಿತ್ತು.

"ಇದ್ ಯಾರ್ ಅಂದ್ ಗೊತ್ತಿತ್ತಾ?" ಧಣಿ ಅವನಿಗೆ ಹೇಳಿದ. "ನಂಗೆ ಬಪ್ಪುಕಿಪ್ಪ ನಲ್ವತ್ ರೂಪಾಯಿಯ ಬಡ್ಡಿ. ಕೈಕಾಲ್ ಇಪ್ಪ ಬಡ್ಡಿ. ಬೆಳಿಗ್ಗೆ ಬತ್ತ್, ಮಧ್ಯಾಹ್ನ ಗಂಜಿ ಕುಡಿತ್ತ್, ಸಂಜಿಗೆ ಮನಿಗ್ ಹೋತ್ತ್."

"ಗಟ್ಟಿ ಇತ್ತಾ? ಹಲ್ಲ್ ಕಾಂಬ," ಎಂದ ಕಂತ್ರಾಟುದಾರ.

"ಬಾಯಿ ಬಿಡಾ ಬಡ್ಡಿ."

ನಾನು ಬಾಯಿ ಬಿಟ್ಟೆ. ಅವನು ಬಗ್ಗಿ ನೋಡಿದ, ಎತ್ತಿನ ಸಂತೆಯಲ್ಲಿ ನೋಡುವ ಹಾಗೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಚಿಕೆ ಎಂದರೆ ಅದಲ್ಲ. ನಾನೂ ನಕ್ಕೆ, ಬಾಯಿ ಬಿಟ್ಟುಕೊಂಡೇ. ಅದು ನಾಚಿಕೆ. ಆ ನಗು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಅನ್ನಿಸುತ್ತದೆ.

ಸಾಲ ಮಾಡಿದ್ದು ತಂಗಿ ಪದ್ದುವಿನ ಮದುವೆಗೆ. ಶಿರೂರಿನ ಗಂಡು. ಬಂದ ನೆಂಟರಲ್ಲಿ ಅರ್ಧ ಜನ ಗಂಡಿನ ಮುಖವನ್ನೇ ನೋಡದೆ ಎಲೆಯ ಮುಂದೆ ಕೂತವರು. ನಲವತ್ತು ರೂಪಾಯಿಗೆ ಹೆಬ್ಬೆಟ್ಟು ಒತ್ತಿದೆ. "ಬಡ್ಡಿಗೆ ದುಡ್ಡ್ ಎಂತಕೆ ಮಾರಾಯ, ನೀನೇ ಬಾ," ಎಂದಿದ್ದ ಧಣಿ. ಎಂಥ ದೊಡ್ಡ ಮನಸ್ಸು ಎಂದು ಕಾಲಿಗೂ ಬಿದ್ದೆ. ಅಸಲನ್ನು ಅವನು ಚಿಲ್ಲರೆ ಚಿಲ್ಲರೆಯಾಗಿ ಮುಟ್ಟುವವನಲ್ಲ. ಕೊಟ್ಟರೆ ನಲವತ್ತೂ ಒಟ್ಟಿಗೆ, ಒಂದೇ ದಿನ ಕೊಡಬೇಕು. ಅಲ್ಲಿಯವರೆಗೆ ನಾನು ಬಡ್ಡಿ. ಮಳೆಗಾಲವಿಲ್ಲ, ಜ್ವರವಿಲ್ಲ, ಪದ್ದುವಿನ ಸೀಮಂತಕ್ಕೆ ಹೋಗಲೂ ರಜೆಯಿಲ್ಲ.

ಹಾಗಾದರೆ ಮನೆಯಲ್ಲಿ ಒಲೆ ಉರಿಸುತ್ತಿದ್ದವರು ಯಾರು? ನನ್ನ ಹೆಂಡತಿ ಸುಗಂಧಿ. ಹೊಳೆ ಇಳಿದ ಹೊತ್ತಿಗೆ ಎದೆಮಟ್ಟದ ನೀರಿನಲ್ಲಿ ನಿಂತು ಕಾಲಿನ ಬೆರಳಿನಿಂದಲೇ ಕೆಸರು ತಡವಿ ಚಿಪ್ಪು ಎತ್ತುತ್ತಿದ್ದಳು. ಬೇಯಿಸಿ ಒಳಗಿನ ಮಾಂಸ ಬಿಡಿಸಿ ಹೆಮ್ಮಾಡಿಯಲ್ಲಿ ಮನೆಮನೆಗೆ ಮಾರಿ ಬರುತ್ತಿದ್ದಳು. ಖಾಲಿ ಚಿಪ್ಪು ಬುಟ್ಟಿ ಲೆಕ್ಕದಲ್ಲಿ ಮತ್ತೆ ಧಣಿಯ ಗೂಡಿಗೇ. ಅವಳು ಎತ್ತಿದ್ದನ್ನು ನಾನು ಸುಡುತ್ತಿದ್ದೆ. ಗಂಡ ಹೆಂಡಿರ ನಡುವೆ ಅಷ್ಟು ಹೊಂದಾಣಿಕೆ ಇತ್ತು. ಮಕ್ಕಳು ಆಗಿರಲಿಲ್ಲ. ಆಗಬೇಕಾದರೆ ರಾತ್ರಿ ನಾನು ಕುಡಿದು ಬೀಳದೆ ಎಚ್ಚರ ಇರಬೇಕಿತ್ತಲ್ಲ.

ಕುಡಿಯಲು ದುಡ್ಡು ಎಲ್ಲಿಂದ ಎಂದು ಕೇಳಬಹುದು. ಸಂಜೆ ಗೂಡಿನಿಂದ ಬಿಟ್ಟ ಮೇಲೆ ದೋಣಿಗೆ ಸುಣ್ಣದ ಮೂಟೆ ಹೊತ್ತರೆ ದೋಣಿಯವರು ಒಂದೆರಡು ಮುಕ್ಕಾಲು ಕೊಡುತ್ತಿದ್ದರು. ಮುಕ್ಕಾಲು ಎಂದರೆ ನಮ್ಮಲ್ಲಿ ಒಂದು ಕಾಸು, ನಾಲ್ಕು ಸೇರಿದರೆ ಒಂದಾಣೆ. ಅದು ಗಡಂಗಿನ ಕಳ್ಳಿಗೆ ಸಾಲುತ್ತಿರಲಿಲ್ಲ. ಸಾಲದ್ದನ್ನು ನಾನು ಸುಗಂಧಿಯ ಉಳಿತಾಯದಿಂದ ಭರ್ತಿ ಮಾಡುತ್ತಿದ್ದೆ.

ಅವಳು ಮಾಡಿಗೆ ಹೊದಿಸಿದ ತೆಂಗಿನ ಮಡಲಿನ ಸಂದಿಯಲ್ಲಿ ಇಟ್ಟಳು, ನಾನು ಇಲಿ ಓಡಿಸುವ ನೆಪದಲ್ಲಿ ಕಂಡುಹಿಡಿದೆ. ಅರೆಯುವ ಕಲ್ಲಿನ ಬುಡದಲ್ಲಿ ಹೂತಳು. ಎಂದೂ ಕಲ್ಲು ಮುಟ್ಟದ ನಾನು ಅಂದು ಚಟ್ನಿ ಅರೆದು ಕೊಡುತ್ತೇನೆಂದು ಹೋದೆ. ಉಪ್ಪಿನ ಮರಿಗೆಯಲ್ಲಿ ಹುಗಿದಳು, ಅದೂ ಸಿಕ್ಕಿತು. ಕೊನೆಗೆ ನೆರೆಮನೆಯ ಉಮಾವತಿಯ ಕೈಯಲ್ಲಿ ಕೊಟ್ಟಿಟ್ಟಳು. ನಾನು ಉಮಾವತಿಯ ಹತ್ತಿರ ಹೋಗಿ, ಸುಗಂಧಿಗೆ ವಾಂತಿಭೇದಿ, ಮದ್ದಿಗೆ ಬೇಕು ಎಂದು ಅತ್ತೆ. ಚೆನ್ನಾಗಿಯೇ ಅತ್ತೆ. ಮರುದಿನ ಉಮಾವತಿ ಗಂಜಿ ತಿಳಿ ಹಿಡಿದುಕೊಂಡು ರೋಗಿಯನ್ನು ನೋಡಲು ಬಂದಾಗ ರೋಗಿ ಹೊಳೆಯಲ್ಲಿ ಚಿಪ್ಪು ಎತ್ತುತ್ತಿದ್ದಳು.

ಸುಗಂಧಿ ಆ ದಿನ ಬಯ್ದ ಬಯ್ಗುಳ ಬರೆಯುವಂಥದ್ದಲ್ಲ. ಒಂದು ಮಾತ್ರ ಹೇಳಬಹುದು. ಎಷ್ಟು ಸಿಟ್ಟು ಬಂದರೂ ನನ್ನನ್ನು ಬಹುವಚನದಲ್ಲೇ ಬಯ್ಯುವವಳು ಅವಳು.

"ನಿಮ್ಮ್ ಹೆಣ ಎತ್ತ, ನಿಮ್ಮ್ ಬಾಯಿಗೆ ಹುಳ ಬೀಳ! ನೀವ್ ಗಂಡ್ಸಾ? ಹೆಂಡ್ತಿಗೆ ಭೇದಿ ಹಿಡ್ಸಿ ಕಳ್ಳ್ ಕುಡಿತ್ರಿಯಲ್ದೆ ಬೇವರ್ಸಿಗಳೆ!"

ಅದಾದ ಮೇಲೆ ಒಂದು ತಿಂಗಳು ಅವಳು ಏನನ್ನೂ ಉಳಿಸಲಿಲ್ಲ. ಉಳಿಸಿ ಯಾರಿಗೆ ಎಂಬ ಹಾಗೆ ಇದ್ದಳು. ಆಮೇಲೆ ಒಂದು ಶನಿವಾರ ತಲೆಗೆ ಮಿಂದು, ಹೊಸ ಬಟ್ಟೆಯ ತುಂಡನ್ನು ಅರಿಶಿನದಲ್ಲಿ ಅದ್ದಿ ಒಣಗಿಸಿ, ಅದರಲ್ಲಿ ಏನನ್ನೋ ಕಟ್ಟಿ, ನಡುಮನೆಯ ಅಡ್ಡೆಮರಕ್ಕೆ ತೂಗುಹಾಕಿದಳು. ಕೆಳಗೆ ದೀಪ ಇಟ್ಟಳು.

"ಹ್ವಾಯ್, ಕೇಂತಾ? ಅದ್ ತಿರುಪತಿ ತಿಮ್ಮಪ್ಪನ ಮುಡಿಪ್. ಕೈ ಹಾಕ್ರೆ ಕೈ ಸೇದಿ ಹೋತ್ತ್. ನಾ ಹೇಳಿದ್ದಿಲ್ಲೆ ಅನ್ಬೇಡಿ."

ಮುಡಿಪು ಎಂದರೆ ನಮ್ಮ ಕಡೆ ಹುಡುಗಾಟವಲ್ಲ. ಕಳ್ಳರು ಮನೆಗೆ ನುಗ್ಗಿ ಪಾತ್ರೆ ಪಡಗ ಹೊತ್ತರೂ ಮುಡಿಪಿಗೆ ಕೈಮುಗಿದು ಹೋಗುತ್ತಾರೆ. ನಾನು ನಾಲ್ಕು ವಾರ ತಡೆದುಕೊಂಡೆ. ಐದನೆಯ ವಾರ ಗಂಟಲು ತಡೆಯಲಿಲ್ಲ. ಅಕ್ಕಿ ಕುಟ್ಟುವ ಒರಳು ಮಗುಚಿ ಅದರ ಮೇಲೆ ಹತ್ತಿ, ತಿಮ್ಮಪ್ಪಾ ಸಾಲ ಅಂತ ತಿಳ್ಕೊ ಮಾರಾಯ ಎಂದು ಕೈ ಚಾಚಿದೆ. ಬೆರಳು ಗಂಟಿಗೆ ತಗಲಿದ್ದೇ ತಡ, ಬೆಂಕಿ ಇಟ್ಟ ಹಾಗಾಯಿತು. ಒರಳಿನ ಸಮೇತ ಕೆಳಗೆ ಬಿದ್ದೆ. ಕೈ ಮೊಣಕೈಯವರೆಗೆ ಊದಿತು.

ಸುಗಂಧಿ ಬಂದು ನೋಡಿದಳು. ಮೇಲೆ ನೋಡಿದಳು, ಪೊರಕೆ ತಂದಳು, ಮಡಲಿನ ಸಂದಿಯಿಂದ ಏನನ್ನೋ ಗುಡಿಸಿ ಹೊರಗೆ ಹಾಕಿ ಕಲ್ಲಿನಿಂದ ಜಜ್ಜಿದಳು. ಅದು ಚೇಳು ಎಂದು ಅವಳು ಹೇಳಿದ್ದು ಮೂರು ವರ್ಷದ ಮೇಲೆ. ಆ ದಿನ ಹೇಳಿದ್ದು ಇಷ್ಟೆ: "ತಪ್ಪ್ ಕಾಣ್ಕಿ ಹಾಕಿ."

ಹಾಕಿದೆ. ಅಲ್ಲಿಗೆ ನಾನು ಭಕ್ತನಾದೆ. ದೋಣಿಯವರು ಕೊಟ್ಟದ್ದರಲ್ಲಿ ಅರ್ಧ ಗಡಂಗಿಗೆ, ಅರ್ಧ ತಿಮ್ಮಪ್ಪನಿಗೆ. ಆಗ ಯುದ್ಧದ ಕಾಲದ ಹೊಸ ಮುಕ್ಕಾಲು ಬಂದಿತ್ತು, ನಡುವೆ ದೊಡ್ಡ ತೂತು. ನಾವು ಅದಕ್ಕೆ ಒಟ್ಟೆ ಮುಕ್ಕಾಲು ಎನ್ನುತ್ತಿದ್ದೆವು. ಸರಕಾರವೇ ಕಾಸಿನ ಹೊಟ್ಟೆ ತಿಂದಿದೆ ಎಂದು ಊರವರಿಗೆ ಅದರ ಮೇಲೆ ಅಸಡ್ಡೆ. ಇಡೀ ಕಾಸನ್ನು ಪೆಟ್ಟಿಗೆಯಲ್ಲಿಟ್ಟು, ಚಿಪ್ಪಿನ ಮಾಂಸ ಕೊಂಡು ಸುಗಂಧಿಯ ಕೈಗೆ ಒಟ್ಟೆಯನ್ನೇ ಹಾಕುತ್ತಿದ್ದರು. ಅವಳು ಅದನ್ನು ಕತ್ತದ ಹುರಿಗೆ ಪೋಣಿಸುತ್ತಿದ್ದಳು. ಅರುವತ್ತನಾಲ್ಕು ಆದರೆ ಒಂದು ಸರ, ಒಂದು ರೂಪಾಯಿ. ಗಂಟು ಹಾಕಿ ಮುಡಿಪಿಗೆ ಸೇರಿಸಿ, ಶನಿವಾರ ದೀಪ ಹಚ್ಚುವಾಗ ಮುಖದಲ್ಲಿ ಒಂದು ಸಣ್ಣ ನಗು. ಎಂಥ ಭಕ್ತಿ ಇವಳದ್ದು ಎಂದು ನನಗೆ ಅಳುವೇ ಬರುತ್ತಿತ್ತು.

ಉಮಾವತಿಯೂ ತನ್ನ ಮಗಳ ಸಿಡುಬು ಇಳಿದದ್ದಕ್ಕೆ ನಾಲ್ಕಾಣೆ ತಂದು ಕೊಟ್ಟಳು. ಸುಗಂಧಿ ಬೇಡ ಎಂದಳು. ಅವಳು ಬಿಡಲಿಲ್ಲ. ಸುಗಂಧಿ ಅದನ್ನು ಬೇರೆಯೇ ಚಿಂದಿಯಲ್ಲಿ ಕಟ್ಟಿಟ್ಟಳು. ಯಾಕೆ ಬೇರೆ ಎಂದು ನಾನು ಕೇಳಲೂ ಇಲ್ಲ. ನನ್ನ ತಲೆ ಅಷ್ಟೆಲ್ಲ ಓಡುವಂಥದ್ದಲ್ಲ.

ಮೂರನೆಯ ವರ್ಷಕ್ಕೆ ಅಡ್ಡೆ ಬಗ್ಗುವಷ್ಟು ಭಾರವಾಯಿತು. ಇಷ್ಟೆಲ್ಲ ಇಟ್ಟುಕೊಂಡು ಬಾಯಿ ಮುಚ್ಚಿಕೊಂಡಿರುವುದು ಹೇಗೆ? ಒಂದು ಸಂಜೆ ಗಡಂಗಿನಲ್ಲಿ ಕುಷ್ಟ ಶುರು ಮಾಡಿದ. ಕುಷ್ಟ ಧಣಿಯ ಮನೆಯ ದನದ ಹಟ್ಟಿಯ ಆಳು.

"ನಮ್ ಒಡೆಯರ್ ಮನಿ ಮುಡಿಪ್ ಕಂಡಿದ್ಯಾ? ಬೆಳ್ಳಿ ಡಬ್ಬಿ!"

"ಡಬ್ಬಿ ಬೆಳ್ಳಿದ್ದ್, ಒಳ್ಗೆ ಎಂತ ಇತ್ತ್?" ಎಂದೆ ನಾನು. "ನಮ್ ಮನಿಗ್ ಬಂದ್ ಕಾಣ್. ಅಡ್ಡಿ ಬಗ್ಗಿತ್ತ್. ಬಡ್ಡಿ ಅಂದ್ ಕರಿತ್ತ್ರಲ್ದಾ, ಆ ಬಡ್ಡಿ ಮನಿಯಗೆ ತಿಮ್ಮಪ್ಪನ್ ದುಡ್ಡ್ ಮೂವತ್ತ್ನಾಕ್ ರೂಪಾಯಿ ಇತ್ತ್!"

ಇಡೀ ಗಡಂಗು ನನ್ನ ಕಡೆ ತಿರುಗಿತು. ಒಂದು ಕುಡ್ತೆ ಕಳ್ಳು ಪುಕ್ಕಟೆ ಸಿಕ್ಕಿತು. ಆ ಒಂದು ಕುಡ್ತೆಗೆ ನಾನು ಏನನ್ನು ಮಾರಿದೆ ಎಂಬುದು ಆಗ ಗೊತ್ತಿರಲಿಲ್ಲ.

ಅದೇ ಗುಂಗಿನಲ್ಲಿ ಮನೆಗೆ ಬಂದು ಹೇಳಿದೆ: "ಹೋಯ್ ಹೆಣೆ, ಸೋಣೆ ತಿಂಗ್ಳ್ ಶನಿವಾರ ಬಪ್ಪುದ್ರೊಳ್ಗೆ ಹರಿಸೇವೆ ಮಾಡ್ಸುವ. ಮುಡಿಪ್ ತಿರುಪತಿಗೆ ಮುಟ್ಸುವ."

ಸುಗಂಧಿ ಅಕ್ಕಿಯ ಕಲ್ಲು ಹೆಕ್ಕುತ್ತಿದ್ದಳು. ಗೆರಸೆ ಕೆಳಗಿಟ್ಟಳು.

"ಹ್ವಾಯ್, ಕೂಕಣಿ. ಅದ್ ತಿಮ್ಮಪ್ಪಂದ್ ಅಲ್ಲ."

"ಮತ್ತ್ ಯಾರ್ದ್?"

"ನಿಮ್ದ್."

ನನಗೆ ಅರ್ಥವಾಗಲಿಲ್ಲ. ಅವಳು ಎದ್ದು ಮುಡಿಪನ್ನು ಕೆಳಗಿಳಿಸಿ ನನ್ನ ಮುಂದೆಯೇ ಬಿಚ್ಚಿದಳು. ನಾನು ಎರಡು ಮಾರು ಹಿಂದೆ ಹಾರಿದೆ.

"ಹೆದ್ರ್ಬೇಡಿ. ಬರೀ ದುಡ್ಡ್. ನಿಮ್ ಕೈಯಿಂದ ಉಳ್ಸುಕೆ ನಂಗೆ ಬೇರೆ ದಾರಿ ಇರ್ಲಿಲ್ಲೆ. ಎಲ್ಲಿಟ್ರೂ ತೆಗಿತ್ರಿ. ಪೊಲೀಸರಿಗೆ ಹೆದ್ರುದಿಲ್ಲೆ, ನಂಗಂತೂ ಹೆದ್ರುದೇ ಇಲ್ಲೆ. ಕಡೆಗೆ ತಿಮ್ಮಪ್ಪನ್ ಕಾವ್ಲಿಗ್ ಕೂರ್ಸ್ದೆ."

ಮೂವತ್ತನಾಲ್ಕು ಸರ ನೆಲದ ಮೇಲೆ ಸಾಲಾಗಿ ಮಲಗಿದ್ದವು. ಅವಳು ಒಂದೊಂದನ್ನೇ ಮುಟ್ಟಿ ಹೇಳುತ್ತ ಹೋದಳು.

"ಒಂದೊಂದ್ ಸರ ಮುಗ್ದಾಗ್ಳೂ ನಿಮ್ಮ್ ಒಂದೊಂದ್ ತುಂಡ್ ಧಣಿ ಮನಿಯಿಂದ ಬಿಡ್ಸಿಕಂಡ್ ಬಂದೆ. ಇದ್ ಎಡಗಾಲ್ ಹೆಬ್ಬೆರ್ಳ್. ಇದ್ ಪಾದ. ಇದ್ ಮೊಣಕಾಲ್. ನಲ್ವತ್ ಅಂದ್ರೆ ಯಾರಿಗಾರೂ ಎದೆ ಒಡಿತ್ತ್. ಒಂದ್ ಬೆರ್ಳ್ ಅಂದ್ರೆ ಮಾಡ್ಲಕ್ಕ್. ಹೊಳಿಯಗೆ ಚಳಿ ಹಿಡ್ದ್ ನಡುಗುವಾಗ, ಇವತ್ತ್ ಬಪ್ಪುದ್ ಎಡಗೈ, ಎಡಗೈ ಅಂದ್ ಹೇಳಿಕಂಡ್ ಮುಳ್ಗ್ತಿದ್ದೆ."

"ಈಗ ಎಲ್ಲಿಗ್ ಮುಟ್ಟಿತ್ತ್?" ನಾನು ಸರಗಳ ಹತ್ತಿರ ಸರಿದು ಕೇಳಿದೆ.

"ಕುತ್ಗಿ ತನಕ. ತಲಿ ಬಾಕಿ. ಅದ್ಕೆ ಅವಸ್ರ ಇಲ್ಲೆ, ಒಳ್ಗೆ ಎಂತದೂ ಇಲ್ಲೆ."

"ಮತ್ತೆ ನಡು?"

"ಸೊಂಟದ ಹತ್ರ ಬಂದಾಗ ಎರಡ್ ತಿಂಗ್ಳ್ ಯೋಚ್ನೆ ಮಾಡ್ದೆ, ಬಿಡ್ಸುದಾ ಬ್ಯಾಡ್ದಾ ಅಂದ್. ಉಪಯೋಗ ಇಲ್ದಿದ್ ಸಾಮಾನ್. ಇರ್ಲಿ ಅಂದ್ ಬಿಡ್ಸ್ದೆ."

ನಾನು ನಗಲು ಹೋದೆ, ಅತ್ತುಬಿಟ್ಟೆ. ಅವಳೂ ಅತ್ತಳು. ಮದುವೆಯಾದ ಒಂಬತ್ತು ವರ್ಷದಲ್ಲಿ ಇಬ್ಬರೂ ಒಂದೇ ವಿಷಯಕ್ಕೆ ಅತ್ತದ್ದು ಅದೇ ಮೊದಲು. ಮೂಗು ಒರೆಸಿಕೊಂಡ ಮೇಲೆ ಗಡಂಗಿನಲ್ಲಿ ನಾನು ಕೊಚ್ಚಿಕೊಂಡದ್ದನ್ನೂ ಹೇಳಿದೆ. ಸುಗಂಧಿಯ ಅಳು ನಿಂತಿತು. ಆಮೇಲೆ ಕೇಳಿದ್ದು ಮತ್ತೆ ಬರೆಯುವಂಥದ್ದಲ್ಲ. ಬಹುವಚನದಲ್ಲೇ.

ಉಳಿದದ್ದು ಆರು ಸರ. ಮೂರು ವರ್ಷ ತಿಮ್ಮಪ್ಪನ ಹೆದರಿಕೆಯಲ್ಲಿ ಕಳೆದದ್ದಕ್ಕಿಂತ ಆ ಆರು ಸರ ಕಷ್ಟವಾಯಿತು. ಈಗ ಕಾವಲಿಗೆ ಯಾವ ದೇವರೂ ಇಲ್ಲ, ನನಗೆ ನಾನೇ. ಗಡಂಗಿನ ಮುಂದೆ ಹೋಗುವಾಗ ಕಾಲು ತಾನಾಗಿ ತಿರುಗುತ್ತಿತ್ತು. ಬಿಡಿಸಿ ತಂದ ಕಾಲು, ಸುಮ್ಮನಿರು ಎಂದು ಅದಕ್ಕೆ ಬಯ್ಯುತ್ತಿದ್ದೆ. ಒಮ್ಮೆ ಮಾತ್ರ ಸೋತೆ. ಧಣಿ ಎಲ್ಲರೆದುರು ಎಂಜಲು ಗಂಜಿಯನ್ನು ನನ್ನ ತಟ್ಟೆಗೆ ಸುರಿಸಿದ ದಿನ, ನಾಲ್ಕಾಣೆಯಷ್ಟು ಸಾಲದಲ್ಲಿ ಕುಡಿದು ಮನೆಗೆ ಬಂದೆ. ಸುಗಂಧಿ ಬಯ್ಯಲಿಲ್ಲ. ಒಂದು ಸರ ಬಿಚ್ಚಿ, ಹದಿನಾರು ಕಾಸು ಕಳಚಿ ನನ್ನ ಅಂಗೈಯಲ್ಲಿಟ್ಟಳು.

"ಕುಡ್ಕನ್ ಸಾಲ ತೀರ್ಸಿ ಬನ್ನಿ. ಬಲಗೈ ಬೆರ್ಳ್ ನಾಕೂ ಧಣಿ ಮನಿಗ್ ವಾಪಾಸ್ ಹೋಯ್ತ್. ಅಡ್ಡಿಲ್ಲೆ, ನಾಳೆ ಮತ್ತ್ ಬಿಡ್ಸಿಕಂಡ್ ಬಪ್ಪ."

ಆ ಕಾಸು ಹಿಡಿದ ನನ್ನ ಬೆರಳುಗಳನ್ನು ನೋಡುತ್ತ ಹೋಗಿ ಸಾಲ ತೀರಿಸಿ ಬಂದೆ. ಆಮೇಲೆ ಗಡಂಗಿನ ಕಡೆ ಹೋದದ್ದಿಲ್ಲ. ದೊಡ್ಡ ಮಾತು ಹೇಳುತ್ತಿಲ್ಲ, ಆಸೆ ಹೋಗಿರಲಿಲ್ಲ. ಹೋಗಲಿಲ್ಲ, ಅಷ್ಟೆ.

ನಲವತ್ತಾರನೆಯ ಇಸವಿ ಮುಗಿಯುತ್ತ ಬಂದಾಗ ನಲವತ್ತನೆಯ ಸರಕ್ಕೆ ಗಂಟು ಬಿತ್ತು. ಬುಟ್ಟಿಯಲ್ಲಿ ಹಾಕಿ, ಹಳದಿ ಬಟ್ಟೆ ಮುಚ್ಚಿ, ಸುಗಂಧಿ ತಲೆಯ ಮೇಲೆ ಹೊತ್ತಳು. ಸಾಕ್ಷಿಗಿರಲಿ ಎಂದು ಉಮಾವತಿಯನ್ನೂ ಚಿಪ್ಪು ಎತ್ತುವ ಇತರ ಹೆಂಗಸರನ್ನೂ ಕರೆದಳು. ನಾನು ಹಿಂದೆ.

ಧಣಿ ಜಗಲಿಯ ಮೇಲೆ ಕೂತಿದ್ದ. ಪಕ್ಕದಲ್ಲಿ ದೇವಸ್ಥಾನದ ಭಟ್ಟರು. ಗರ್ಭಗುಡಿಯ ಮಾಡಿಗೆ ತಾಮ್ರ ಹೊದಿಸುವ ಮಾತು ನಡೆದಿತ್ತು. ಧಣಿ ಅಲ್ಲಿನ ಮೊಕ್ತೇಸರ. ನಮ್ಮವರೆಲ್ಲ ಅಂಗಳದ ಆಚೆ, ಬೇಲಿಯ ತಡಮೆಯ ಹೊರಗೆ ನಿಂತರು. ಸುಗಂಧಿ ಒಬ್ಬಳೇ ಅಂಗಳ ದಾಟಿ ಹೋಗಿ ಜಗಲಿಯ ಮೆಟ್ಟಿಲ ಬುಡದಲ್ಲಿ ಬುಟ್ಟಿ ಇಳಿಸಿದಳು.

"ಒಡೆಯಾ, ಅಸಲ್ ತಂದಿದೆ. ನಲ್ವತ್ ಸರ, ನಲ್ವತ್ ರೂಪಾಯಿ. ಎಣ್ಸಿಕಣಿ. ಪತ್ರ ಕೊಡಿ, ನಮ್ ಇವ್ರನ್ನ ಬಿಡಿ."

ಧಣಿ ಬುಟ್ಟಿ ನೋಡಿದ. ಭಟ್ಟರ ಮುಖ ನೋಡಿದ. ಬಾಯಿಯ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದ. ಸುಣ್ಣಕ್ಕೆ ಚಿನ್ನದ ಬೆಲೆ ಬಂದ ಕಾಲದಲ್ಲಿ ಗಂಜಿಗೆ ದುಡಿಯುವ ಆಳನ್ನು ನಲವತ್ತು ರೂಪಾಯಿಗೆ ಬಿಟ್ಟುಕೊಡಲು ಅವನಿಗೆ ಹುಚ್ಚೇ?

"ಇದ್ ತಿಮ್ಮಪ್ಪನ್ ಮುಡಿಪ್ ಅಲ್ದಾ? ನಿನ್ ಗಂಡ ಗಡಂಗಗೆ ಕೂಕಂಡ್ ಹೇಳಿದ್ದ ಅಂಬ್ರ್. ಕುಷ್ಟಾ, ಹೌದಾ ಅಲ್ದಾ?"

ಹಟ್ಟಿಯ ಬಾಗಿಲಲ್ಲಿ ನಿಂತಿದ್ದ ಕುಷ್ಟ ತಲೆ ತಗ್ಗಿಸಿದ. "ಹೌದ್ ಒಡೆಯ," ಎಂದ.

"ದೇವ್ರ ದುಡ್ಡಿಂದ ಸಾಲ ತೀರ್ಸಿಕಂಡ್ರೆ ನನ್ ವಂಶ ಉಳಿತ್ತಾ? ನಾ ಮುಟ್ಟುದಿಲ್ಲೆ. ಭಟ್ರೆ, ನೀವ್ ಹೇಳಿ."

"ಮುಟ್ಟುಕಾಗ," ಎಂದರು ಭಟ್ಟರು. "ಒಂದ್ಸಲ ಮುಡಿಪ್ ಕಟ್ರೆ ಅದ್ ದೇವ್ರಿಗೇ. ದೇವಸ್ಥಾನಕ್ಕ್ ಒಪ್ಸಿ ಹೋಯ್ಕ್. ತಾಮ್ರದ್ ಮಾಡಿಗಾತ್ತ್, ನಿಮ್ಗೂ ಪುಣ್ಯ."

"ಕೇಂತಲ್ದಾ? ಗಂಟ್ ಅಲ್ಲಿಟ್ಟ್ ಹೋಗ್. ಸಾಲ ಹಾಂಗೇ ಇತ್ತ್. ಏ ಬಡ್ಡಿ, ಅಲ್ಲೆಂತ ನಿಂತಿದ್ದೆ? ಗೂಡ್ ಕಾಣ್ ನಡಿ!"

ಮೂರು ವರ್ಷದ ಹೊಳೆ, ಚಳಿ, ಬೆರಳು, ಮೊಣಕಾಲು ಎಲ್ಲ ತಾಮ್ರದ ಮಾಡಾಗಲಿದೆ. ನನ್ನ ಹಾಳು ಬಾಯಿಯಿಂದ. ಧಣಿಯ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ನನಗೆ ಬಂದ ಅಸಹ್ಯವೇ ದೊಡ್ಡದು.

ಸುಗಂಧಿ ಮಾತ್ರ ಅಲುಗಲಿಲ್ಲ. ಸೊಂಟದಿಂದ ಚಿಂದಿಯ ಗಂಟೊಂದನ್ನು ತೆಗೆದು ಮೆಟ್ಟಿಲ ಮೇಲಿಟ್ಟಳು.

"ಇದ್ ಉಮಾವತಿ ಹಾಕದ್ದ್. ನಾಲ್ಕಾಣೆ. ಇದ್ ದೇವ್ರದ್ದ್, ತಕಣಿ ಭಟ್ರೆ. ಬುಟ್ಟಿಯಗಿಪ್ದ್ ನಂದ್. ಕಳ್ಳಂಗೆ ಹೆದ್ರಿ ಮುಡಿಪ್ ಅಂದ್ ಹೆಸ್ರಿಟ್ಟೆ. ಕಳ್ಳ ನನ್ ಗಂಡನೇ."

"ಬೇವರ್ಸಿ ಹೆಂಗ್ಸೆ! ದೇವ್ರನ್ನ ಕಾವ್ಲಿಗ್ ಇಟ್ಯಾ?"

"ಹೌದ್ ಒಡೆಯ, ಇಟ್ಟೆ. ಭಟ್ರೇ, ತಿಮ್ಮಪ್ಪ ತನ್ ಮದಿಗೆ ಕುಬೇರನ್ ಹತ್ರ ಸಾಲ ಮಾಡಿದ್ದ, ಇವತ್ತಿಗೂ ಬಡ್ಡಿ ಕಟ್ತಾ ಇದ್ದ ಅಂದ್ ಪುರಾಣ ಓದುವಾಗ ನೀವೇ ಅಲ್ದಾ ಹೇಳದ್ದ್? ನಮ್ ಇವ್ರೂ ತಂಗಿ ಮದಿಗೇ ಸಾಲ ಮಾಡದ್ದ್. ಒಬ್ಬ ಸಾಲಗಾರನ್ ಗಂಟ್ ಇನ್ನೊಬ್ಬ ಸಾಲಗಾರ ಮೂರ್ ವರ್ಷ ಕಾದ್ ಕೊಟ್ಟ. ಅವ್ನ್ ಕೂಲಿ ಒಂದ್ ತೆಂಗಿನಕಾಯಿ, ಅದ್ ನಾ ಕೊಡ್ತೆ. ನಿಮ್ಮಂಗೆ ಅವ ಆಳ್ ಕೇಂತಿಲ್ಲೆ."

ತಡಮೆಯ ಹೊರಗೆ ಯಾರೋ ಕಿಸಕ್ಕೆಂದರು. ಧಣಿಯ ಕಿವಿ ಕೆಂಪಾಯಿತು.

"ಸೂಳಿ, ನಾಲ್ಗಿ ಸೀಳ್ತೆ! ನಾ ಹೇಳಿ ಆಯ್ತ್, ಇದ್ ದೇವ್ರ ದುಡ್ಡ್. ಸತ್ರೂ ಮುಟ್ಟುದಿಲ್ಲೆ. ಹತ್ತ್ ಜನರ್ ಎದ್ರಿಗ್ ಹೇಳ್ತೆ!"

"ಹತ್ತ್ ಜನರ್ ಎದ್ರಿಗಾ?" ಎಂದು ಕೇಳಿದಳು ಸುಗಂಧಿ. ಹೊರಗೆ ನಿಂತವರತ್ತ ತಿರುಗಿ ನೋಡಿದಳು. "ಕೇಂತಲ್ದಾ ಎಲ್ಲರಿಗೂ?"

ಮಡಿಲಿನಿಂದ ಚಿಪ್ಪು ಬಿಡಿಸುವ ಚೂರಿ ತೆಗೆದಳು. ಧಣಿ ಹಿಂದಕ್ಕೆ ಸರಿದ. ಅವಳು ಅವನನ್ನು ನೋಡಲೂ ಇಲ್ಲ. ಒಂದು ಸರ ಎತ್ತಿ ಹುರಿ ಕೊಯ್ದಳು. ಅರುವತ್ತನಾಲ್ಕು ಕಾಸು ಮೆಟ್ಟಿಲ ಬುಡದಲ್ಲಿ ಸುರಿದವು. ಇನ್ನೊಂದು ಕೊಯ್ದಳು. ಮತ್ತೊಂದು. ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು, ಹಿಂದೆ ಹಿಂದೆ ಹೆಜ್ಜೆ ಇಡುತ್ತ, ಬೀಜ ಬಿತ್ತುವವಳ ಹಾಗೆ ಬೀರುತ್ತ ಬಂದಳು. ಜಗಲಿಯ ಉದ್ದಕ್ಕೆ, ಬಾವಿಯ ದಾರಿಗೆ, ಹಟ್ಟಿಯ ದಾರಿಗೆ, ತುಳಸಿಕಟ್ಟೆಯ ಸುತ್ತ. ಸಗಣಿ ಸಾರಿಸಿದ ಕರಿ ಅಂಗಳದ ತುಂಬ ತಾಮ್ರದ ಬಣ್ಣದ ತೂತುಕಾಸುಗಳು. ನಲವತ್ತನೆಯ ಸರ ಖಾಲಿಯಾಗುವಾಗ ಅವಳು ತಡಮೆಗೆ ತಲುಪಿ ನನ್ನ ಪಕ್ಕದಲ್ಲಿದ್ದಳು.

"ಹೆಕ್ಕ್ ಅದನ್ನ!" ಧಣಿ ಕೂಗಿದ.

"ನಾ ಕೊಟ್ಟ್ ಆಯ್ತ್. ನೀವ್ ಹೆಕ್ರೆ ಸಾಲ ತೀರ್ತ್. ದೇವ್ರದ್ ಅಂದ್ರೆ ಅಲ್ಲೇ ಇರ್ಲಿ. ಮೆಟ್ಬೇಡಿ ಮಾತ್ರ ಒಡೆಯ, ತಿಮ್ಮಪ್ಪ."

ಧಣಿ ಕೆಳಗೆ ನೋಡಿದ. ಭಟ್ಟರೂ ನೋಡಿದರು. ನನ್ನ ಖಾಲಿ ತಲೆಗೂ ಆಗ ತಿಳಿಯಿತು.

"ಕುಷ್ಟಾ, ಹೆಕ್ಕಾ!"

ಕುಷ್ಟ ಹಟ್ಟಿಯ ಬಾಗಿಲಲ್ಲೇ ಕೈಮುಗಿದ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ನಾ ಮುಟ್ರೆ ಮೈಲಿಗಿ ಆತ್ತಲ್ದಾ ಒಡೆಯ? ದೇವ್ರ ದುಡ್ಡ್."

"ಭಟ್ರೆ, ನೀವಾರೂ..."

"ಮೀನ್ ಮುಟ್ಟಿದ್ ಕೈಯಗಿದ್ದಿದ್ ದುಡ್ಡ್," ಎಂದು ಭಟ್ಟರು ಮೂಗು ಮುಚ್ಚಿಕೊಂಡರು. "ನೀರ್ ಹಾಕಿ ಶುದ್ಧ ಆಯ್ಕ್ ಮೊದ್ಲ್. ನೀರ್ ತರ್ಸಿ."

ಬಾವಿ ಅಂಗಳದ ಆಚೆ ಇತ್ತು.

"ಹಾಂಗಾರೆ ಇದ್ ದೇವ್ರ ದುಡ್ಡೇ ಅಲ್ಲ..." ಎಂದು ಶುರು ಮಾಡಿದ ಧಣಿ ಅಲ್ಲಿಗೇ ನಾಲಿಗೆ ಕಚ್ಚಿಕೊಂಡ. ತಡಮೆಯ ಹೊರಗೆ ಉಮಾವತಿ ಗಟ್ಟಿಯಾಗಿ, "ಹೇಳಿ ಒಡೆಯ, ಪೂರ್ತಿ ಹೇಳಿ," ಎಂದಳು.

ಹೊಳೆಯ ಕಡೆ ಗೂಡಿನ ಹೊಗೆ ಬಣ್ಣ ಬದಲಾಯಿಸುತ್ತಿತ್ತು. ಈಗ ಕೆದಕದಿದ್ದರೆ ಇಡೀ ಗೂಡು ಸುಟ್ಟು ಕಲ್ಲಾಗುತ್ತದೆ. ಅದು ನನಗೆ ಗೊತ್ತು, ಧಣಿಗೂ ಗೊತ್ತು.

"ಏ ಬಡ್ಡಿ! ಗೂಡ್ ಹಾಳಾತ್ತಾ ಬೋಳೀಮಗನೆ! ಓಡ್!"

ಧೈರ್ಯ ಬಂತು ಎಂದು ಸುಳ್ಳು ಹೇಳುವುದಿಲ್ಲ. ಹೆದರಿಕೆಯಲ್ಲೇ ಬಾಯಿ ಬಿಟ್ಟೆ. ಈ ಸಲ ನಗಲಿಲ್ಲ.

"ಅಸಲ್ ನಿಮ್ ಅಂಗ್ಳದಗೆ ಇತ್ತ್ ಒಡೆಯ. ಬಡ್ಡಿ ಮನಿಗ್ ಹೋತ್ತ್."

"ಪತ್ರ ಇತ್ತ್ ನನ್ ಹತ್ರ! ಕೋರ್ಟಿಗ್ ಎಳಿತೆ! ಪೊಲೀಸ್ರನ್ನ ಕರ್ಸ್ತೆ!"

ಕರೆಸಿಯಾನು. ಪತ್ರ ಅವನ ಪೆಟ್ಟಿಗೆಯಲ್ಲೇ ಇತ್ತು, ಹೆಬ್ಬೆಟ್ಟು ನನ್ನದೇ. ನಾಳೆ ಏನಾಗುತ್ತದೆಂದು ನನಗಾಗಲಿ ಸುಗಂಧಿಗಾಗಲಿ ಗೊತ್ತಿರಲಿಲ್ಲ. ಆದರೆ ಪೊಲೀಸರನ್ನು ಕರೆಸಬೇಕಾದರೂ ಯಾರಾದರೂ ಅಂಗಳ ದಾಟಬೇಕಿತ್ತು.

ಸುಗಂಧಿ ಮನೆಯ ದಾರಿ ಹಿಡಿಯಲಿಲ್ಲ. ತಡಮೆಯ ಎದುರಿನ ಮಾವಿನ ಬುಡದಲ್ಲಿ ಖಾಲಿ ಬುಟ್ಟಿ ಮಗುಚಿ ಅದರ ಮೇಲೆ ಕೂತಳು. ಸೆರಗಿನಿಂದ ಅವಲಕ್ಕಿಯ ಪೊಟ್ಟಣ ಬಿಚ್ಚಿದಳು.

"ಕೂಕಣಿ. ಹಸಿವ್ ಆಯ್ಲಿಲ್ಯಾ?"

ಒಬ್ಬೊಬ್ಬರಾಗಿ ಎಲ್ಲರೂ ಕೂತರು. ದಾರಿಹೋಕರೂ ನಿಂತರು. ಪೊಟ್ಟಣ ಕೈಯಿಂದ ಕೈಗೆ ಹೋಯಿತು. ಬಿಸಿಲು ನೆತ್ತಿಗೆ ಬಂತು. ಹೊಳೆಯ ಕಡೆಯಿಂದ ಸುಟ್ಟ ಚಿಪ್ಪಿನ ನಾತ ದಟ್ಟವಾಗಿ ಹರಡಿತು. ಜಗಲಿಯ ಮೇಲೆ ಧಣಿ ಎರಡು ಸಲ ಎದ್ದ, ಎರಡು ಸಲ ಕೂತ. ಭಟ್ಟರು ಊಟದ ಹೊತ್ತಾಯಿತೆಂದು ಮೆಲ್ಲಗೆ ಏನೋ ಹೇಳಿದರು. ಅವರಿಗೂ ಹೋಗಲು ಬೇರೆ ದಾರಿಯಿರಲಿಲ್ಲ.

ಮೂರನೆಯ ಸಲ ಎದ್ದ ಧಣಿ ಪಂಚೆ ಎತ್ತಿಕಟ್ಟಿ ಕೆಳಗಿನ ಮೆಟ್ಟಿಲವರೆಗೆ ಇಳಿದ. ಒಂದು ಕಾಲು ಎತ್ತಿದ. ಇಡಲು ಜಾಗ ಹುಡುಕಿದ. ನಾವು ಇಪ್ಪತ್ತು ಜನ ಜಗಿಯುವುದನ್ನು ನಿಲ್ಲಿಸಿ ಆ ಕಾಲನ್ನೇ ನೋಡುತ್ತ ಕೂತೆವು.